3 ಮಿ.ಮೀ. ಶೀಟು ಮೂಲೆಗೆ ಬಂದಾಗ ಅರ್ಧ ಮಿ.ಮೀ. ಯಾಕಾಗುತ್ತದೆ?

ಮನೆಯ ಫ್ರಿಜ್ಜಿನ ಬಾಗಿಲು ತೆರೆದು ಒಳಗಿನ ಬಿಳಿ ಗೋಡೆಯನ್ನು ಒಮ್ಮೆ ನೋಡಿ. ತಟ್ಟೆ ಕೂರಿಸುವ ಏಣು, ಹಿಂಬದಿಯ ಉಬ್ಬು, ಕೆಳಗಿನ ಮೆಟ್ಟಿಲು ಎಲ್ಲವೂ ಒಂದೇ ತುಂಡು. ಎಲ್ಲೂ ಬೆಸುಗೆ ಇಲ್ಲ. ಅದು ಒಂದು ಕಾಲಕ್ಕೆ ಚಪ್ಪಟೆ ಪ್ಲಾಸ್ಟಿಕ್ ಶೀಟು ಆಗಿತ್ತು. ಶೀಟನ್ನು ಚೌಕಟ್ಟಿಗೆ ಬಿಗಿದು, ಮೇಲಿಂದ ಹೀಟರ್ ಹಿಡಿದು ಕಾಯಿಸುತ್ತಾರೆ. ಮೆತ್ತಗಾದ ಮೇಲೆ ಅಚ್ಚಿಗೆ ತಾಗಿಸಿ, ಅಚ್ಚಿನ ಸಣ್ಣ ತೂತುಗಳಿಂದ ಗಾಳಿ ಎಳೆದುಬಿಡುತ್ತಾರೆ. ಶೀಟು ಅಚ್ಚಿಗೆ ಅಂಟಿಕೊಂಡು ಅದರ ಆಕಾರ ತಾಳುತ್ತದೆ. ಇದೇ ವ್ಯಾಕ್ಯೂಮ್ ಫಾರ್ಮಿಂಗ್. ಬೇಕರಿಯ ಕೇಕ್ ಡಬ್ಬಿಯ ಮುಚ್ಚಳ, ಚಾಕೊಲೇಟ್ ಪೆಟ್ಟಿಗೆಯೊಳಗಿನ ಗುಳಿಗುಳಿ ತಟ್ಟೆ, ಅಕ್ರಿಲಿಕ್ ಬಾತ್‌ಟಬ್ಬು, ಎಲ್ಲ ಹುಟ್ಟುವುದು ಹೀಗೆಯೇ.

ನೋಡುವವರಿಗೆ ಇದು ಬಲು ಸುಲಭದ ಕೆಲಸ. ಎರಡು ನಿಮಿಷದ ವಿಡಿಯೊದಲ್ಲಿ ಮುಗಿದುಹೋಗುತ್ತದೆ. ಕೈ ಹಾಕಿದ ಮೇಲೆ ಗೊತ್ತಾಗುವ ಸಂಗತಿಗಳು ಬೇರೆ. ಒಂದು ಕವರಿನ ಕಥೆ ಇಟ್ಟುಕೊಂಡು ಅದನ್ನು ಹೇಳುತ್ತೇನೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿಗೆ ಒಬ್ಬರು ಯಂತ್ರದ ಕವರು ಬೇಕೆಂದು ಬಂದರು. 300 ಮಿ.ಮೀ. ಉದ್ದ, 200 ಅಗಲ, 100 ಆಳ. ಒಂದು ಬದಿ ತೆರೆದ ಡಬ್ಬಿ ಅಂದುಕೊಳ್ಳಿ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಶೀಟು, 3 ಮಿ.ಮೀ. ದಪ್ಪ. ಇಪ್ಪತ್ತು ಪೀಸು ಮಾಡಿ ಕೊಟ್ಟೆವು. ತಿಂಗಳೊಳಗೆ ನಾಲ್ಕು ವಾಪಸು ಬಂದವು. ನಾಲ್ಕೂ ಒಂದೇ ಜಾಗದಲ್ಲಿ, ತಳದ ಮೂಲೆಯಲ್ಲಿ, ಬಿರುಕು ಬಿಟ್ಟಿದ್ದವು. ‘3 ಮಿ.ಮೀ. ಅಂತ ಹೇಳಿ ತೆಳು ಶೀಟು ಹಾಕಿದ್ದೀರಿ’ ಎಂದು ಅವರು ಬೇಸರ ಮಾಡಿಕೊಂಡರು. ನಾವು ಒಂದು ಕವರನ್ನು ಅವರ ಎದುರಿಗೇ ಬ್ಯಾಂಡ್‌ಸಾ ಗರಗಸದಲ್ಲಿ ಅಡ್ಡಕ್ಕೆ ಸೀಳಿ, ದಪ್ಪ ಅಳೆದೆವು. ಬಾಯಿಯ ಅಂಚಿನಲ್ಲಿ 2.8. ಪಕ್ಕದ ಗೋಡೆಯ ನಡುವೆ 1.3. ತಳದಲ್ಲಿ 0.8. ಮೂಲೆಯಲ್ಲಿ 0.5.

ಶೀಟು 3 ಮಿ.ಮೀ. ಇದ್ದದ್ದೇ ನಿಜ. ಮೂಲೆ ಅರ್ಧ ಮಿ.ಮೀ. ಆದದ್ದೂ ನಿಜ.

ಲೆಕ್ಕ ಸಣ್ಣದು. ಡಬ್ಬಿಯ ಬಾಯಿಯಷ್ಟು ಜಾಗದ ಶೀಟು 300 ಇಂಟು 200, ಅಂದರೆ 60,000 ಚದರ ಮಿ.ಮೀ. ಅಷ್ಟೇ ಶೀಟು ಹಿಗ್ಗಿ ತಳವನ್ನೂ ನಾಲ್ಕು ಗೋಡೆಗಳನ್ನೂ ಮುಚ್ಚಬೇಕು. ತಳ 60,000, ಗೋಡೆಗಳೆಲ್ಲ ಸೇರಿ 1,00,000. ಒಟ್ಟು 1,60,000. ಹೊಸ ಪ್ಲಾಸ್ಟಿಕ್ ಎಲ್ಲಿಂದಲೂ ಬರುವುದಿಲ್ಲ. ಇದ್ದದ್ದೇ ಹರಡಬೇಕು. 3 ಮಿ.ಮೀ.ಯನ್ನು 60,000ದಿಂದ ಗುಣಿಸಿ 1,60,000ದಿಂದ ಭಾಗಿಸಿದರೆ 1.1 ಮಿ.ಮೀ. ಚೂರುಪಾರು ಆಚೀಚೆ. ಅದು ಸರಾಸರಿ ಮಾತ್ರ, ಎಲ್ಲ ಕಡೆಯೂ ಅಷ್ಟೇ ಇರುತ್ತದೆ ಅಂತಲ್ಲ.

ಹೋಳಿಗೆ ತಟ್ಟಿದವರಿಗೆ ಇದು ಗೊತ್ತು. ಕಣಕ ಅಷ್ಟೇ ಇರುತ್ತದೆ. ಎಲ್ಲ ಕಡೆ ಸಮನಾಗಿ ಹರಡಿದರೆ ಸರಿ. ಒಂದು ಕಡೆ ದಪ್ಪ ಉಳಿದರೆ ಇನ್ನೊಂದು ಕಡೆ ತೆಳುವಾಗಿ ಹೂರಣ ಇಣುಕುತ್ತದೆ. ಆದರೆ ಹೋಳಿಗೆ ತಟ್ಟುವವರಿಗೆ ಬೆರಳುಗಳಿವೆ, ದಪ್ಪ ಕಂಡ ಕಡೆ ಒತ್ತಬಹುದು. ನಮ್ಮ ಶೀಟನ್ನು ತಳ್ಳುವುದು ಗಾಳಿ. ಗಾಳಿ ಎಲ್ಲ ಕಡೆ ಒಂದೇ ಸಮ ಒತ್ತುತ್ತದೆ. ಹಾಗಿದ್ದೂ ಶೀಟು ಸಮನಾಗಿ ಯಾಕೆ ಹರಡುವುದಿಲ್ಲ?

ಯಾಕೆಂದರೆ ಅಚ್ಚು ತಣ್ಣಗಿರುತ್ತದೆ. ಬಿಸಿ ಶೀಟು ಅಚ್ಚಿಗೆ ಎಲ್ಲಿ ಮೊದಲು ತಾಗುತ್ತದೋ ಅಲ್ಲಿ ತಣಿದು ಗಟ್ಟಿಯಾಗುತ್ತದೆ, ಮತ್ತೆ ಹೆಚ್ಚು ಹಿಗ್ಗುವುದಿಲ್ಲ. ಇನ್ನೂ ಗಾಳಿಯಲ್ಲಿ ತೇಲುತ್ತಿರುವ ಭಾಗವೊಂದೇ ಹಿಗ್ಗುತ್ತಾ ಹೋಗಬೇಕು. ಕೊನೆಗೆ ತಾಗುವುದು ಮೂಲೆ. ಅಲ್ಲಿಗೆ ತಲುಪುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದು ತೆಳು ಪೊರೆ. ಮೊದಲು ತಾಗಿದ ಜಾಗ ದಪ್ಪ, ಕೊನೆಗೆ ತಾಗಿದ ಜಾಗ ತೆಳು. ಈ ಒಂದು ಮಾತನ್ನು ಹಿಡಿದುಕೊಂಡರೆ ಈ ಕೆಲಸದ ಮುಕ್ಕಾಲು ಪಾಲು ತೊಂದರೆಗಳ ಬೇರು ಸಿಗುತ್ತದೆ.

ಅಚ್ಚು ಗುಂಡಿಯ ಹಾಗಿದ್ದರೆ ಅದು ಫೀಮೇಲ್ ಮೋಲ್ಡ್. ಅದರಲ್ಲಿ ಬಾಯಿಯ ಅಂಚು ದಪ್ಪ, ತಳದ ಮೂಲೆ ತೆಳು. ನಮ್ಮ ಕವರು ಇದೇ. ಅಚ್ಚು ದಿಬ್ಬದ ಹಾಗಿದ್ದರೆ ಮೇಲ್ ಮೋಲ್ಡ್. ಅದರ ನೆತ್ತಿ ಶೀಟಿಗೆ ಮೊದಲು ತಾಗುತ್ತದೆ, ಅಲ್ಲಿ ದಪ್ಪ ಉಳಿಯುತ್ತದೆ. ಗೋಡೆ ಕೆಳಗಿಳಿದಂತೆ ತೆಳುವಾಗುತ್ತದೆ. ಆದ್ದರಿಂದ ಗಿರಾಕಿಯನ್ನು ಮೊದಲು ಕೇಳಬೇಕಾದದ್ದು ಬಣ್ಣವಲ್ಲ, ಬೆಲೆಯಲ್ಲ. ಪೆಟ್ಟು ಬೀಳುವುದು ಎಲ್ಲಿಗೆ? ಅಳತೆ ಕರಾರುವಾಕ್ಕಾಗಿ ಬೇಕಿರುವುದು ಒಳಮೈಗೋ ಹೊರಮೈಗೋ? ಅಚ್ಚಿಗೆ ತಾಗಿದ ಮೈ ಮಾತ್ರ ಅಚ್ಚಿನ ಅಳತೆ ಪಾಲಿಸುತ್ತದೆ. ಇನ್ನೊಂದು ಮೈ, ಶೀಟು ಎಷ್ಟು ತೆಳುವಾಯಿತೋ ಅದರ ಮೇಲೆ ನಿಂತಿರುತ್ತದೆ.

ಇನ್ನು ಕಾಯಿಸುವ ಕೆಲಸ. ನನ್ನ ಮಟ್ಟಿಗೆ ಕಸುಬು ಇರುವುದೇ ಇಲ್ಲಿ. ಎಬಿಎಸ್ ಶೀಟು ಸುಮಾರು 105 ಡಿಗ್ರಿ ದಾಟಿದ ಮೇಲೆ ಗಡಸುತನ ಬಿಡುತ್ತದೆ. ಚೆನ್ನಾಗಿ ಎಳೆಯಲು ಬರುವುದು 150ರಿಂದ 175 ಡಿಗ್ರಿಯ ನಡುವೆ. ಆ ಹದವನ್ನು ಶೀಟೇ ತೋರಿಸುತ್ತದೆ. ಹೀಟರ್ ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಶೀಟು ಅಲೆಅಲೆಯಾಗಿ ಏಳುತ್ತದೆ, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಹೀಟರ್ ಎಳೆದುಬಿಡುತ್ತಾರೆ. ತಡೆಯಬೇಕು. ಇನ್ನಷ್ಟು ಕಾದ ಮೇಲೆ ಅಲೆಗಳೆಲ್ಲ ತಾವಾಗಿ ಮಾಯವಾಗಿ, ಶೀಟು ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಕಾರ್ಖಾನೆಯಲ್ಲಿ ಶೀಟು ಎಳೆದು ತಯಾರಿಸುವಾಗ ಒಳಗೆ ಸೇರಿಕೊಂಡಿದ್ದ ಬಿಗಿತ ಬಿಡುಗಡೆಯಾಗುವ ಹೊತ್ತು ಅದು. ಆಮೇಲೆ ನಡುಭಾಗ ನಿಧಾನಕ್ಕೆ ಜೋತುಬೀಳಲು ಶುರುವಾಗುತ್ತದೆ. ಎಷ್ಟು ಜೋತರೆ ಎಳೆಯಬೇಕು ಎನ್ನುವುದು ಆಯಾ ಅಚ್ಚಿಗೆ, ಆಯಾ ಶೀಟಿಗೆ ಬೇರೆ. ನಾವು ಯಂತ್ರದ ಪಕ್ಕದಲ್ಲಿ ಒಂದು ಅಳತೆಪಟ್ಟಿ ನಿಲ್ಲಿಸಿ, ಇಷ್ಟು ಜೋತಾಗ ಎಳೆದದ್ದು ಚೆನ್ನಾಗಿ ಬಂತು ಎಂದು ಗೆರೆ ಹಾಕಿಕೊಂಡಿದ್ದೇವೆ. ಗಡಿಯಾರಕ್ಕಿಂತ ಆ ಗೆರೆ ಹೆಚ್ಚು ನಂಬಿಕಸ್ಥ.

ಗಡಿಯಾರ ಯಾಕೆ ಕೈಕೊಡುತ್ತದೆ ಅಂದರೆ, ಕಾಲ ಒಂದೇ ಇದ್ದರೂ ಬಿಸಿ ಒಂದೇ ಇರುವುದಿಲ್ಲ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ ಇರುತ್ತದೆ. 230 ವೋಲ್ಟ್ ಇದ್ದದ್ದು 207ಕ್ಕೆ ಇಳಿದರೆ ವೋಲ್ಟೇಜ್ ಕಮ್ಮಿಯಾದದ್ದು ಶೇ 10, ಬಿಸಿ ಕಮ್ಮಿಯಾದದ್ದು ಶೇ 19. ಬೆಳಿಗ್ಗೆ 90 ಸೆಕೆಂಡಿಗೆ ಹದಕ್ಕೆ ಬಂದ ಶೀಟು ಸಂಜೆ ಅದೇ 90 ಸೆಕೆಂಡಿಗೆ ಹಸಿಹಸಿಯಾಗಿ ಉಳಿಯುವುದು ಇದಕ್ಕೇ. ಇನ್ನು ಯಾರೋ ಸೆಖೆ ಅಂತ ಫ್ಯಾನ್ ಹಾಕಿದರೂ ಆ ಕಡೆಯ ಅಂಚು ತಣ್ಣಗಾಗುತ್ತದೆ. ಅಂಚುಗಳು ಮೊದಲೇ ಲೋಹದ ಕ್ಲ್ಯಾಂಪಿಗೆ ಬಿಸಿ ಬಿಟ್ಟುಕೊಡುತ್ತಿರುತ್ತವೆ. ಹಾಗಾಗಿ ಒಳ್ಳೆಯ ಯಂತ್ರಗಳಲ್ಲಿ ಅಂಚಿನ ಹೀಟರುಗಳನ್ನು ಬೇರೆಯಾಗಿ, ಸ್ವಲ್ಪ ಜಾಸ್ತಿ ಉರಿಸಲು ಬರುತ್ತದೆ.

ಪ್ಲಾಸ್ಟಿಕ್ಕಿನೊಳಗೆ ಬಿಸಿ ಇಳಿಯುವುದು ಬಹಳ ನಿಧಾನ. ದಪ್ಪ ಶೀಟಿಗೆ ಒಂದೇ ಕಡೆಯಿಂದ ಜೋರಾಗಿ ಉರಿ ಕೊಟ್ಟರೆ ಮೇಲ್ಮೈ ಸೀದುಹೋಗುತ್ತದೆ, ಹೊಟ್ಟೆ ಬೇಯುವುದೇ ಇಲ್ಲ. ಅದಕ್ಕೇ ದಪ್ಪ ಶೀಟಿಗೆ ಮೇಲೆ ಕೆಳಗೆ ಎರಡೂ ಕಡೆ ಹೀಟರ್ ಬೇಕು, ಉರಿ ಸಣ್ಣದಿರಬೇಕು. ಎಲ್ಲ ಪ್ಲಾಸ್ಟಿಕ್ಕೂ ಎಬಿಎಸ್ಸಿನಷ್ಟು ಒಳ್ಳೆಯ ಸ್ವಭಾವದ್ದಲ್ಲ. ಪಾಲಿಪ್ರೊಪಿಲಿನ್ 160 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಆ ಕರಗುವ ಅಂಚಿಗೆ ಬರುವ ತನಕ ಗಟ್ಟಿ, ದಾಟಿದರೆ ನೀರು. ಸಕ್ಕರೆ ಪಾಕದ ಎಳೆ ಹಿಡಿದ ಹಾಗೆ ಕ್ಷಣ ನೋಡಿ ಇಳಿಸಬೇಕು.

ತೇವದ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಎಬಿಎಸ್, ಅಕ್ರಿಲಿಕ್, ಪಾಲಿಕಾರ್ಬೊನೇಟ್ ಶೀಟುಗಳು ಗಾಳಿಯ ತೇವ ಹೀರುತ್ತವೆ. ನೋಡಿದರೆ ಗೊತ್ತಾಗುವುದಿಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಹೀಟರ್ ಕೆಳಗೆ ಹೋದ ಮೇಲೆ ಒಳಗಿನ ತೇವ ಆವಿಯಾಗಿ ಸಣ್ಣ ಸಣ್ಣ ಗುಳ್ಳೆಗಳೇಳುತ್ತವೆ. ಎದ್ದ ಗುಳ್ಳೆ ಮತ್ತೆ ಹೋಗುವುದಿಲ್ಲ, ಆ ಶೀಟು ಗುಜರಿಗೆ. ಮಳೆಗಾಲದಲ್ಲಿ ಒಂದು ಸಲ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟುಗಳನ್ನು ಪ್ಯಾಕಿಂಗ್ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದೆ. ಮಾರನೆಯ ವಾರ ಹಾಕಿದ ಎಂಟು ಶೀಟೂ ಸಾಬಕ್ಕಿಯ ಹಾಗೆ ಗುಳ್ಳೆ ತುಂಬಿ ಬಂದವು. ಪಾಲಿಕಾರ್ಬೊನೇಟನ್ನು 120 ಡಿಗ್ರಿಯ ಆಸುಪಾಸಿನ ಓವನ್ನಿನಲ್ಲಿ ಗಂಟೆಗಟ್ಟಲೆ ಒಣಗಿಸಬೇಕು. ದಪ್ಪ ಜಾಸ್ತಿಯಾದಷ್ಟೂ ಗಂಟೆ ಜಾಸ್ತಿ. ಎಬಿಎಸ್ಸಿಗೆ 80 ಡಿಗ್ರಿ ಸಾಕು. ಒಣಗಿಸಿ ತೆಗೆದದ್ದನ್ನು ಬೇಗ ಬಳಸಿಬಿಡಬೇಕು.

ಹದ ಬಂತು, ಈಗ ಎಳೆಯಬೇಕು. ‘ಎಳೆಯುವುದು’ ಎಂದು ನಾವೆಲ್ಲ ಹೇಳುತ್ತೇವೆ. ನಿಜಕ್ಕೂ ಕೆಳಗಿನಿಂದ ಏನೂ ಎಳೆಯುವುದಿಲ್ಲ. ಪಂಪು ಅಡಿಯ ಗಾಳಿಯನ್ನು ತೆಗೆದಾಗ ಮೇಲಿನ ವಾತಾವರಣದ ಗಾಳಿ ಶೀಟನ್ನು ಒತ್ತುತ್ತದೆ. ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ. ಅದಕ್ಕಿಂತ ಜಾಸ್ತಿ ಯಾವ ಪಂಪಿನಿಂದಲೂ ಸಿಗುವುದಿಲ್ಲ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ನುಗ್ಗಿಸುವ ಇಂಜೆಕ್ಷನ್ ಮೋಲ್ಡಿಂಗಿನಲ್ಲಿ ಇದರ ನೂರಾರು ಪಟ್ಟು ಒತ್ತಡ ಇರುತ್ತದೆ. ಅದಕ್ಕೇ ಅಲ್ಲಿ ಸಣ್ಣ ಅಕ್ಷರ, ಚೂಪು ಅಂಚು ಎಲ್ಲ ಸ್ಪಷ್ಟವಾಗಿ ಮೂಡುತ್ತವೆ. ಇಲ್ಲಿ ಅಂಚುಗಳು ದುಂಡಗಾಗುತ್ತವೆ. ಆದರೆ ಅಲ್ಲಿ ಉಕ್ಕಿನ ಅಚ್ಚಿಗೇ ಲಕ್ಷಗಟ್ಟಲೆ ಹಾಕಬೇಕು. ಇಪ್ಪತ್ತು ಪೀಸು ಬೇಕಾದವರಿಗೆ ಅದು ಆಗುವ ಮಾತಲ್ಲ, ಅಲ್ವಾ?

ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಸಂಗತಿ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಮ್ಮಿ. ಮಂಗಳೂರಿನಲ್ಲಿ ವ್ಯಾಕ್ಯೂಮ್ ಗೇಜು ಹೆಚ್ಚೆಂದರೆ ಪಾದರಸದ 760 ಮಿ.ಮೀ. ಹತ್ತಿರ ಹೋಗಬಹುದು. ಇಲ್ಲಿ ಎಷ್ಟೇ ಒಳ್ಳೆಯ ಪಂಪು ಹಾಕಿದರೂ 685ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಂಪು ಕೆಟ್ಟಿದೆ ಎಂದು ಬಿಚ್ಚಿ ಕೂತವರನ್ನು ನೋಡಿದ್ದೇನೆ. ಪಂಪು ಸರಿಯಾಗಿಯೇ ಇತ್ತು.

ಆ ಒಂದು ಕಿಲೊ ಅಲ್ಪವೂ ಅಲ್ಲ. ನಮ್ಮ ಕವರಿನ ತಳ 600 ಚದರ ಸೆಂಟಿಮೀಟರ್. ಅದರ ಮೇಲೆ ಒಂದೇ ಸಲಕ್ಕೆ ಅರ್ಧ ಟನ್ ಭಾರ ಬಿದ್ದ ಹಾಗೆ. 3ಡಿ ಪ್ರಿಂಟ್ ಮಾಡಿದ ಟೊಳ್ಳು ಅಚ್ಚು ಇಟ್ಟವರು ಅದು ಜಜ್ಜಿಹೋಗುವುದನ್ನು ನೋಡಿರುತ್ತಾರೆ. ಪಿಎಲ್‌ಎ ಎಂಬ ಪ್ರಿಂಟರ್ ಪ್ಲಾಸ್ಟಿಕ್ ಆದರೆ 60 ಡಿಗ್ರಿಗೇ ಮೆತ್ತಗಾಗುತ್ತದೆ, ಅದರ ಮೇಲೆ 150 ಡಿಗ್ರಿಯ ಶೀಟು ಬಿದ್ದರೆ ಉಳಿಯುವುದು ಕಷ್ಟ. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಪ್ರಯೋಗ ಮಾಡುವವರಿಗೆ ಸಿಗುವುದು ವಾತಾವರಣದ ಒತ್ತಡದ ಐದನೇ ಒಂದು ಭಾಗದ ಆಸುಪಾಸು. ತೆಳು ಶೀಟಿಗೆ, ಆಟಿಕೆಯ ಮುಖವಾಡಕ್ಕೆ ಅದು ಸಾಕು. 3 ಮಿ.ಮೀ.ಗೆ ಸಾಲದು.

ಒತ್ತಡದಷ್ಟೇ ಮುಖ್ಯ ವೇಗ. ಹೀಟರ್ ಸರಿದ ಕ್ಷಣದಿಂದ ಶೀಟು ತಣಿಯುತ್ತಿರುತ್ತದೆ. ಪಂಪು ನಿಧಾನಕ್ಕೆ ಗುಟುಕು ಗುಟುಕಾಗಿ ಗಾಳಿ ತೆಗೆಯುತ್ತಾ ಕೂತರೆ ಮೂಲೆ ತುಂಬುವ ಮೊದಲೇ ಶೀಟು ಗಟ್ಟಿಯಾಗಿಬಿಡುತ್ತದೆ. ಅದಕ್ಕೆ ಒಂದು ಟ್ಯಾಂಕನ್ನು ಮೊದಲೇ ಖಾಲಿ ಮಾಡಿಟ್ಟುಕೊಂಡು, ವಾಲ್ವು ತಟ್ಟನೆ ತೆರೆಯಬೇಕು. ಅಚ್ಚಿನಡಿ 10 ಲೀಟರ್ ಗಾಳಿ ಇದೆ ಅಂದುಕೊಳ್ಳಿ. ಟ್ಯಾಂಕು 20 ಲೀಟರಿನದಾದರೆ ಆ ಗಾಳಿ ಒಟ್ಟು 30 ಲೀಟರಿನಲ್ಲಿ ಹರಡಿ, ಮೂರನೇ ಒಂದು ಭಾಗ ಒತ್ತಡ ಅಡಿಯಲ್ಲೇ ಉಳಿಯುತ್ತದೆ. 100 ಲೀಟರಿನದಾದರೆ ಹನ್ನೊಂದನೇ ಒಂದು ಭಾಗ ಮಾತ್ರ. ದೊಡ್ಡ ಪಂಪಿಗೆ ಹಣ ಹಾಕುವ ಮೊದಲು ದೊಡ್ಡ ಟ್ಯಾಂಕಿಗೆ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಗಾಳಿ ಹೊರಹೋಗುವ ತೂತುಗಳು ಎಲ್ಲಿರಬೇಕು? ಶೀಟು ಕೊನೆಗೆ ತಾಗುವ ಜಾಗದಲ್ಲಿ. ತಳದ ಮೂಲೆಗಳಲ್ಲಿ, ಕೊರೆದ ಅಕ್ಷರಗಳ ಒಳಗೆ. ಮೊದಲು ತಾಗುವ ಕಡೆ ಎಷ್ಟು ತೂತು ಕೊರೆದರೂ ಶೀಟು ಬಂದು ಅದನ್ನು ಮುಚ್ಚಿಬಿಡುತ್ತದೆ, ಮೂಲೆಯ ಗಾಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತೂತು ಒಂದು ಮಿ.ಮೀ.ಗಿಂತ ಸಣ್ಣದಿರಬೇಕು. ದೊಡ್ಡದಾದರೆ ಪ್ಲಾಸ್ಟಿಕ್ ಅದರೊಳಗೂ ಇಳಿದು ಮೈತುಂಬ ಮೊಡವೆ ಎದ್ದ ಹಾಗೆ ಕಾಣುತ್ತದೆ. ಅಷ್ಟು ಸಣ್ಣ ಡ್ರಿಲ್ಲು 50 ಮಿ.ಮೀ. ಆಳ ಕೊರೆಯಲಾರದು, ಮುರಿಯುತ್ತದೆ. ಹಿಂಬದಿಯಿಂದ 6 ಮಿ.ಮೀ. ಡ್ರಿಲ್ಲಿನಲ್ಲಿ ಕೊರೆದುಕೊಂಡು ಬಂದು, ಕೊನೆಯ ನಾಲ್ಕೈದು ಮಿ.ಮೀ.ಯನ್ನು ಮಾತ್ರ ಸಣ್ಣ ಡ್ರಿಲ್ಲಿನಿಂದ ದಾಟಿಸುತ್ತಾರೆ. ಅಚ್ಚಿನ ಮೈಯನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡುವುದೂ ತಪ್ಪು. ನುಣುಪು ಮೈಗೆ ಶೀಟು ಅಂಟಿ ನಡುವೆ ಗಾಳಿ ಉಳಿಯುತ್ತದೆ. ಸಣ್ಣಗೆ ಉಪ್ಪುಕಾಗದ ಉಜ್ಜಿ ಒರಟು ಮಾಡಿದರೆ ಗಾಳಿಗೆ ದಾರಿಯಾಗುತ್ತದೆ.

ಮೇಲ್ ಮೋಲ್ಡಿನಲ್ಲಿ ಇನ್ನೊಂದು ಪೀಡೆ ಇದೆ, ನೆರಿಗೆ. ಚೌಕ ಮೇಜಿನ ಮೇಲೆ ಬಟ್ಟೆ ಹಾಸಿದರೆ ನಾಲ್ಕು ಮೂಲೆಗಳಲ್ಲಿ ಬಟ್ಟೆ ಹೆಚ್ಚಾಗಿ ನೆರಿಗೆ ಬೀಳುತ್ತದಲ್ಲ, ಹಾಗೆಯೇ ಅಚ್ಚಿನ ಮೂಲೆಯಲ್ಲಿ ಶೀಟು ಹೆಚ್ಚಾಗುತ್ತದೆ. ಬಟ್ಟೆಯ ನೆರಿಗೆ ಬಿಡಿಸಬಹುದು. ಬಿಸಿ ಪ್ಲಾಸ್ಟಿಕ್ಕಿನ ಎರಡು ಪದರ ಒಂದಕ್ಕೊಂದು ತಾಗಿದರೆ ಬೆಸೆದುಕೊಂಡೇ ಬಿಡುತ್ತವೆ. ಶೀಟು ಅತಿಯಾಗಿ ಕಾದು ಜೋತಿದ್ದರೆ, ಎರಡು ಅಚ್ಚುಗಳನ್ನು ಹತ್ತಿರ ಹತ್ತಿರ ಇಟ್ಟಿದ್ದರೆ ಇದು ಖಂಡಿತ. ಅಚ್ಚುಗಳ ನಡುವೆ ಅವುಗಳ ಎತ್ತರದಷ್ಟಾದರೂ ಜಾಗ ಬಿಡಬೇಕು, ಜಾಸ್ತಿ ಬಿಟ್ಟರೆ ಇನ್ನೂ ಒಳ್ಳೆಯದು. ಮೂಲೆಯ ಹೊರಗೆ ಒಂದು ಸಣ್ಣ ಮರದ ತುಂಡು ಇಟ್ಟರೆ ಹೆಚ್ಚಾದ ಶೀಟು ಅದನ್ನು ಸುತ್ತಿಕೊಂಡು ನೆರಿಗೆ ತಪ್ಪುತ್ತದೆ. ಆ ಭಾಗ ಹೇಗೂ ಕತ್ತರಿಸಿ ಹೋಗುವಂಥದ್ದು.

ಪ್ಲಾಸ್ಟಿಕ್ ತಣಿದಾಗ ಕುಗ್ಗುತ್ತದೆ. ಎಬಿಎಸ್ ಸುಮಾರು ಶೇ 0.6, ಅಂದರೆ 300 ಮಿ.ಮೀ.ಗೆ 1.8 ಮಿ.ಮೀ. ಅಚ್ಚನ್ನೇ ಅಷ್ಟು ದೊಡ್ಡದಾಗಿ ಮಾಡಬೇಕು. ಗುಂಡಿಯ ಅಚ್ಚಿನಲ್ಲಿ ಕುಗ್ಗಿದ ಪೀಸು ಗೋಡೆ ಬಿಟ್ಟು ಈಚೆ ಬರುತ್ತದೆ, ಸುಲಭವಾಗಿ ಕಳಚುತ್ತದೆ. ದಿಬ್ಬದ ಅಚ್ಚಿನಲ್ಲಿ ಕುಗ್ಗಿ ಕುಗ್ಗಿ ಅಚ್ಚನ್ನೇ ತಬ್ಬಿಕೊಳ್ಳುತ್ತದೆ. ಆದ್ದರಿಂದ ದಿಬ್ಬದ ಗೋಡೆಗೆ 4-5 ಡಿಗ್ರಿಯಾದರೂ ಇಳಿಜಾರು ಕೊಡಬೇಕು. ನೇರ ಗೋಡೆಯೇ ಬೇಕು ಎಂದು ಹಟ ಹಿಡಿಯುವ ಡ್ರಾಯಿಂಗುಗಳು ಬರುತ್ತವೆ. ಆಗ ಗಿರಾಕಿಯನ್ನು ಕರೆದು, ಅಚ್ಚು ಕಚ್ಚಿಕೊಂಡು ಹರಿದ ಪೀಸೊಂದನ್ನು ಕೈಗೆ ಕೊಟ್ಟು ಮಾತಾಡುವುದೇ ಒಳ್ಳೆಯದು.

ಅಚ್ಚು ಯಾವುದರಿಂದ ಮಾಡಿದ್ದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅಗ್ಗ, ಬೇಗ ತಯಾರಾಗುತ್ತದೆ. ಆದರೆ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಹತ್ತನೇ ಪೀಸಿನ ಹೊತ್ತಿಗೆ ಅಚ್ಚೇ ಕಾದಿರುತ್ತದೆ, ಪೀಸು ತಣಿಯಲು ಎರಡರಷ್ಟು ಹೊತ್ತು ಬೇಕಾಗುತ್ತದೆ. ಅವಸರದಲ್ಲಿ ತೆಗೆದರೆ ಸೊಟ್ಟಗಾಗುತ್ತದೆ. ಅಲ್ಯೂಮಿನಿಯಂ ಅಚ್ಚಿನೊಳಗೆ ನೀರು ಹರಿಸಿ ಬಿಸಿಯನ್ನು ಒಂದೇ ಮಟ್ಟದಲ್ಲಿ ಇಡಬಹುದು. ಅದು ತೀರಾ ತಣ್ಣಗಿದ್ದರೂ ಕಷ್ಟ. ಕಾವಲಿ ಕಾಯದೆ ಹೊಯ್ದ ಮೊದಲ ದೋಸೆಯ ಹಾಗೆ, ಮೊದಲ ಎರಡು ಮೂರು ಪೀಸುಗಳ ಮೈಮೇಲೆ ಶೀಟು ತಟ್ಟನೆ ತಣಿದ ಗೆರೆಗಳು ಮೂಡಿರುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯದೆ ಪಕ್ಕಕ್ಕಿಡುತ್ತೇವೆ.

ಟ್ರಿಮ್ಮಿಂಗ್ ಬಗ್ಗೆ ಗಿರಾಕಿಗಳು ಯೋಚಿಸುವುದೇ ಇಲ್ಲ. ಅಚ್ಚಿನಿಂದ ಬಂದದ್ದು ಕವರಲ್ಲ, ಸುತ್ತಲೂ ಅಂಚು ಉಳಿದಿರುವ ಶೀಟು. ಅಂಚು ಕತ್ತರಿಸಬೇಕು, ತೂತು ಕೊರೆಯಬೇಕು, ಎಲ್ಲವೂ ಪೀಸು ಪೂರ್ತಿ ತಣಿದ ಮೇಲೆ. ಪ್ರತಿ ಪೀಸಿಗೂ ಒಂದು ಜಿಗ್ಗು, ಅಂದರೆ ಪೀಸನ್ನು ಅಲುಗದಂತೆ ಹಿಡಿಯುವ ಸಾಧನ, ಬೇಕು. ಅಂಚು ಕತ್ತರಿಸುವ ರೌಟರ್ ಯಂತ್ರದ ಅಲಗು ಮೊಂಡಾದರೆ ಎಬಿಎಸ್ ಕತ್ತರಿಸುವ ಬದಲು ಕರಗಿ ಅಂಟಿಕೊಳ್ಳುತ್ತದೆ. ಎಷ್ಟೋ ಸಲ ಎಳೆಯಲು ಹಿಡಿದ ಹೊತ್ತಿಗಿಂತ ಟ್ರಿಮ್ಮಿಂಗಿಗೆ ಹಿಡಿಯುವ ಹೊತ್ತು ಜಾಸ್ತಿ. ಕೊಟೇಶನ್ನಿನಲ್ಲಿ ಇದನ್ನು ಬೇರೆ ಸಾಲಾಗಿ ಬರೆದರೆ ಮುಂದೆ ಇಬ್ಬರಿಗೂ ಮನಸ್ತಾಪವಿಲ್ಲ.

ಮೂಲೆ ಒಡೆದ ಆ ಕವರಿಗೆ ಏನು ಮಾಡಿದೆವು? 4 ಮಿ.ಮೀ. ಶೀಟು ಹಾಕಿ ಎಂದು ಗಿರಾಕಿ ಹೇಳಿದರು. ಅದರಿಂದ ಮೂಲೆ ಅರ್ಧ ಮಿ.ಮೀ.ಯಿಂದ ಹೆಚ್ಚೆಂದರೆ 0.67 ಆಗುತ್ತಿತ್ತು, ಬೆಲೆ ಮಾತ್ರ ಏರುತ್ತಿತ್ತು. ಅದನ್ನು ಬಿಟ್ಟು ಎರಡು ಕೆಲಸ ಮಾಡಿದೆವು. ತಳದ ಮೂಲೆಯ ದುಂಡಿನ ತ್ರಿಜ್ಯ 3 ಮಿ.ಮೀ. ಇದ್ದದ್ದನ್ನು 12ಕ್ಕೆ ಏರಿಸಿದೆವು. ಶೀಟು ಅಷ್ಟು ದೂರ ಹೋಗಿ ಮೂಲೆ ಮುಟ್ಟುವ ಕೆಲಸ ತಪ್ಪಿತು. ಆಮೇಲೆ ಗುಂಡಿಗಿಂತ ಸ್ವಲ್ಪ ಚಿಕ್ಕದಾದ ಮರದ ದಿಮ್ಮಿ ಮಾಡಿ, ಅದಕ್ಕೆ ನಾರು ಒತ್ತಿ ಮಾಡಿದ ದಪ್ಪ ಫೆಲ್ಟ್ ಬಟ್ಟೆ ಸುತ್ತಿದೆವು. ಗಾಳಿ ತೆಗೆಯುವ ಮೊದಲು ಆ ದಿಮ್ಮಿಯಿಂದ ಬಿಸಿ ಶೀಟನ್ನು ಗುಂಡಿಯ ಮುಕ್ಕಾಲು ಆಳಕ್ಕೆ ತಳ್ಳುತ್ತೇವೆ. ತಳಕ್ಕೆ ಬೇಕಾದ ಪ್ಲಾಸ್ಟಿಕ್ ದಿಮ್ಮಿಯ ಜೊತೆ ಕೆಳಗಿಳಿಯುತ್ತದೆ, ಗೋಡೆಗಳಿಗೆ ಮೊದಲೇ ಅಂಟಿ ಖರ್ಚಾಗಿ ಹೋಗುವುದಿಲ್ಲ. ಫೆಲ್ಟ್ ಇಲ್ಲದಿದ್ದರೆ ದಿಮ್ಮಿಯೂ ಶೀಟನ್ನು ತಣಿಸಿ ಗುರುತು ಬಿಡುತ್ತದೆ. ಇದಕ್ಕೆ ಪ್ಲಗ್ ಅಸಿಸ್ಟ್ ಎನ್ನುತ್ತಾರೆ. ಹೋಳಿಗೆ ತಟ್ಟುವವರ ಬೆರಳಿನ ಕೆಲಸವನ್ನು ಇಲ್ಲಿ ಆ ದಿಮ್ಮಿ ಮಾಡುತ್ತದೆ.

ಅದೇ 3 ಮಿ.ಮೀ. ಶೀಟಿನ ಹೊಸ ಕವರನ್ನು ಮತ್ತೆ ಸೀಳಿದೆವು. ಗೋಡೆ 1.1, ತಳ 1.2, ಮೂಲೆ 0.9. ಗಿರಾಕಿ ಸೀಳಿದ ಅರ್ಧವನ್ನು ತೆಗೆದುಕೊಂಡು ಹೋದರು. ಇನ್ನರ್ಧ, ಮಾರ್ಕರಿನಲ್ಲಿ ಬರೆದ ಅಂಕಿಗಳ ಸಮೇತ, ಯಂತ್ರದ ಪಕ್ಕದ ಮೊಳೆಗೆ ನೇತಾಡುತ್ತಿದೆ.